ಮಂಡಿಯೂರದ ಆನೆ

ಗಡಿಯ ಊರುಗಳಲ್ಲಿ ಶಬ್ದಗಳು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವಾಗ ಬೇರೊಂದು ಅರ್ಥದ ನೆರಳನ್ನೂ ಜೊತೆಗೆ ಕರೆತರುತ್ತವೆ. ಜತ್ತ ತಾಲೂಕಿನ ನಮ್ಮ ಭಾಗದಲ್ಲಿ ಸಣ್ಣ ಸರಕು ವಾಹನಕ್ಕೆ ‘ಛೋಟಾ ಹತ್ತಿ’ ಎನ್ನುವುದು ರೂಢಿ. 2005ರಲ್ಲಿ ಟಾಟಾ ಏಸ್ ಎಂಬ ಪುಟ್ಟ ವಾಹನ ಮಾರುಕಟ್ಟೆಗೆ ಬಂದ ಮೇಲೆ ಹಿಂದಿ ಮಾತಾಡುವವರು ಅದನ್ನು ‘ಛೋಟಾ ಹಾಥಿ’ ಎಂದು ಕರೆದರು. ಮರಾಠಿಯ ನಾಲಿಗೆಯಲ್ಲಿ ಹಾಥಿ ‘ಹತ್ತಿ’ಯಾಯಿತು. ಈಗ ನಮ್ಮಲ್ಲಿ ಆ ಹೆಸರು ಅದೊಂದೇ ವಾಹನಕ್ಕೆ ಉಳಿದಿಲ್ಲ. ಅದಕ್ಕಿಂತ ದೊಡ್ಡ ಪಿಕಪ್ ಗಾಡಿಗಳಿಗೂ ಜನ ಅದನ್ನೇ ಬಳಸುತ್ತಾರೆ. ಕನ್ನಡದ ಕಿವಿಗೆ ‘ಹತ್ತಿ’ ಎಂದರೆ ಎರಿ ಹೊಲದ ಬೆಳೆ, ಇಲ್ಲವೇ ಮೇಲೆ ಹತ್ತುವ ಕ್ರಿಯೆ. ಇನ್ನು ಸರಕು ತುಂಬುವ ಹಿಂಭಾಗಕ್ಕೆ ಮರಾಠಿಯವರು ‘ಹೌದಾ’ ಎನ್ನುತ್ತಾರೆ. ಆನೆಯ ಬೆನ್ನ ಮೇಲಿನ ಅಂಬಾರಿಗೂ ಅವರಲ್ಲಿ ಅದೇ ಹೆಸರು. ಹೀಗೆ ನಮ್ಮ ಕೂಲಿಯ ಹೆಣ್ಣುಮಕ್ಕಳು ದಿನವೂ ಬೆಳಗಿನ ಏಳು ಗಂಟೆಗೆ ಸಣ್ಣ ಆನೆಯ ಅಂಬಾರಿಯನ್ನು ಏರುತ್ತಾರೆ ಎಂದರೆ ಭಾಷೆಯ ಲೆಕ್ಕದಲ್ಲಿ ತಪ್ಪಿಲ್ಲ.

ಆದರೆ ಒಂದು ವ್ಯತ್ಯಾಸವಿದೆ. ನಿಜವಾದ ಆನೆ, ತನ್ನ ಮೇಲೆ ಏರುವವನಿಗಾಗಿ ಮಂಡಿಯೂರುತ್ತದೆ, ಇಲ್ಲವೇ ಮುಂಗಾಲನ್ನು ಮಡಿಸಿ ಮೆಟ್ಟಿಲು ಮಾಡಿಕೊಡುತ್ತದೆ. ಒಂಟೆಯೂ ನೆಲಕ್ಕೆ ಕೂರುತ್ತದೆ. ಈ ಸಣ್ಣ ಆನೆ ಯಾರಿಗೂ ಮಂಡಿಯೂರುವುದಿಲ್ಲ. ಅದನ್ನು ಏರುವವರೇ ತಮ್ಮ ಮಂಡಿಯನ್ನು ಎದೆಯ ತನಕ ಎತ್ತಬೇಕು. ಈ ಪುಟ್ಟ ಸಂಗತಿಯ ಸುತ್ತ ಒಂದು ನೈತಿಕ ಪ್ರಶ್ನೆ ಇದೆಯೆಂದು ನನಗೆ ಬಹಳ ತಡವಾಗಿ ಹೊಳೆಯಿತು. ಹೊಳೆದ ಬಗೆಯನ್ನು ಮೊದಲು ಹೇಳಿ, ಅನಂತರ ಪ್ರಶ್ನೆಗೆ ಬರುತ್ತೇನೆ.

ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದ ಮೇಲೆ, ತಂದೆಯಿಂದ ಬಂದ ನಾಲ್ಕು ಎಕರೆಯಲ್ಲಿ ನಾನು ದಾಳಿಂಬೆ ಹಚ್ಚಿದ್ದೇನೆ. ತೋಟ ಊರಿಂದ ದೂರ. ಕಳೆ ತೆಗೆಯುವುದಕ್ಕೂ ಕಾಯಿ ಕೀಳುವುದಕ್ಕೂ ಹತ್ತು ಹನ್ನೆರಡು ಮಂದಿ ಹೆಣ್ಣಾಳುಗಳು ಬೇಕು; ಅವರನ್ನು ಕರೆತರಲು ಬಾಡಿಗೆಯ ಪಿಕಪ್ ಬೇಕು. ಬೆಳಿಗ್ಗೆ ಊರ ಬೇವಿನ ಕಟ್ಟೆಯ ಬಳಿ ಗಾಡಿ ನಿಲ್ಲುತ್ತದೆ. ಡ್ರೈವರನು ಹಿಂದಿನ ಫಾಳಕಾ ಇಳಿಸುತ್ತಾನೆ. ಹರೆಯದ ಹುಡುಗಿಯರು ಬುತ್ತಿಯ ಗಂಟನ್ನು ಮೊದಲು ಒಳಗೆಸೆದು, ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಊರಿ ಒಂದೇ ನೆಗೆತಕ್ಕೆ ಮೇಲೆ ಕೂರುತ್ತಾರೆ. ನಡುವಯಸ್ಸಿನವರು ಗಾಲಿಯ ಟೈರಿನ ಮೇಲೆ ಒಂದು ಕಾಲಿಟ್ಟು, ಬದಿಯ ಕಂಬಿ ಹಿಡಿದು, ತುಸು ತೂಗಾಡಿ ದಾಟುತ್ತಾರೆ. ವಯಸ್ಸಾದವರನ್ನು ಮೇಲಿನಿಂದ ಇಬ್ಬರು ಎಳೆಯಬೇಕು, ಕೆಳಗಿನಿಂದ ಒಬ್ಬರು ನೂಕಬೇಕು. ಆಗ ಸೀರೆ ಮೊಣಕಾಲ ಮೇಲೆ ಸರಿಯುತ್ತದೆ, ತಲೆಯ ಸೆರಗು ಜಾರುತ್ತದೆ, ಕಟ್ಟೆಯ ಮೇಲೆ ಕುಳಿತ ಗಂಡಸರು ಅತ್ತ ನೋಡಿಯೂ ನೋಡದಂತೆ ಇರುತ್ತಾರೆ. ಯಾರಾದರೂ ಒಂದು ಚೇಷ್ಟೆಯ ಮಾತಾಡುತ್ತಾರೆ, ಎಲ್ಲರೂ ನಗುತ್ತಾರೆ, ಎಳೆಯಿಸಿಕೊಂಡವಳೂ ನಗುತ್ತಾಳೆ. ನಾನೂ ಎಷ್ಟೋ ಬಾರಿ ಆ ನಗೆಯಲ್ಲಿ ಪಾಲುಗೊಂಡವನೇ.

ಆ ಗುಂಪಿನಲ್ಲಿ ಅರವತ್ತು ದಾಟಿದ ಒಬ್ಬ ಹಿರಿಯಳಿದ್ದಳು. ಊರೆಲ್ಲ ಅವಳನ್ನು ‘ಆಯಿ’ ಎನ್ನುತ್ತಿತ್ತು; ನಾನೂ ಹಾಗೆಯೇ ಕರೆಯುತ್ತಿದ್ದೆ. ದಾಳಿಂಬೆಯ ಕಾಯಿ ಕೀಳುವುದು ಬಲದ ಕೆಲಸವಲ್ಲ, ಪರಿಣತಿಯ ಕೆಲಸ. ಬಣ್ಣವನ್ನಷ್ಟೇ ನಂಬಿದರೆ ಮೋಸ ಹೋಗುತ್ತೇವೆ. ಆಯಿ ಕಾಯನ್ನು ಬೆರಳಿನಿಂದ ತಟ್ಟಿ, ಸದ್ದಿನಿಂದಲೇ ಪಕ್ವವಾದುದನ್ನು ಗುರುತಿಸುತ್ತಿದ್ದಳು. ಅವಳು ಕಿತ್ತ ಬುಟ್ಟಿಯಿಂದ ಒಂದು ಕಾಯನ್ನೂ ನಾನು ಪಕ್ಕಕ್ಕೆ ಇಟ್ಟದ್ದು ನೆನಪಿಲ್ಲ. ಒಂದು ಹಂಗಾಮಿನಲ್ಲಿ ಅವಳು ಬರುವುದನ್ನು ನಿಲ್ಲಿಸಿದಳು. ವಯಸ್ಸಾಯಿತು, ದುಡಿಯುವ ಶಕ್ತಿ ಉಡುಗಿತು ಎಂದು ನಾನು ತಿಳಿದೆ. ಮನುಷ್ಯ ಸಹಜವಾದ ಒಂದು ಅನುಕಂಪವನ್ನೂ ಪಟ್ಟೆ. ಮುಂದಿನ ಹಂಗಾಮಿನಲ್ಲೂ ಅವಳನ್ನು ಕರೆಯಲಿಲ್ಲ.

ಆಮೇಲೊಂದು ದಿನ ಅವಳ ಮನೆಯ ಮುಂದೆ ಹಾದುಹೋಗುವಾಗ ಕಂಡದ್ದು ಬೇರೆ. ಆಯಿ ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕುಳಿತು ಒಂದು ರಾಶಿ ಜೋಳದ ತೆನೆಯನ್ನು ಬಡಿಯುತ್ತಿದ್ದಳು. ಬಾಗಿಲಲ್ಲೇ ನಿಂತು ಕೇಳಿದೆ: “ಇಷ್ಟೆಲ್ಲಾ ಕೆಲಸ ಮಾಡತಿ, ತ್ವಾಟಕ್ಕ ಯಾಕ ಬರೂದು ಬಿಟ್ಟಿ ಆಯಿ?” ಅವಳು ಕೈ ನಿಲ್ಲಿಸದೆ ಹೇಳಿದಳು: “ಕೆಲಸ ಮಾಡಾಕ ಬರ್ತದರಿ ಮಾಸ್ತರ. ಗಾಡಿ ಹತ್ತಾಕ ಆಗೂದಿಲ್ಲ.”

ಎರಡು ಹಂಗಾಮುಗಳ ಕೂಲಿ ಅವಳಿಗೆ ತಪ್ಪಿದ್ದು ಅವಳ ಕೈಯ ದೋಷದಿಂದಲ್ಲ, ಕಣ್ಣಿನ ದೋಷದಿಂದಲ್ಲ. ನೆಲಕ್ಕೂ ಗಾಡಿಯ ತಳಕ್ಕೂ ನಡುವೆ ಇದ್ದ ಅಂತರದಿಂದ. ನಾನು ಮಾತ್ರ ಗಾಡಿಯ ಎತ್ತರವನ್ನು ಅವಳ ಅಶಕ್ತಿಯೆಂದು ಓದಿಕೊಂಡಿದ್ದೆ. ಮರುದಿನ ಅಳತೆಯ ಟೇಪು ಹಿಡಿದು ನೋಡಿದೆ. ನಮ್ಮ ಬಾಡಿಗೆಯ ಗಾಡಿಯ ಹೌದಾ ನೆಲದಿಂದ 85 ಸೆಂಟಿಮೀಟರಿನಷ್ಟು ಎತ್ತರದಲ್ಲಿತ್ತು. ಆಯಿಯ ಸೊಂಟಕ್ಕೆ ಸಮ. ಸಾರ್ವಜನಿಕ ಕಟ್ಟಡದ ಒಂದು ಮೆಟ್ಟಿಲು ಸುಮಾರು 15 ಸೆಂಟಿಮೀಟರು ಇರುತ್ತದೆ. ಅಂದರೆ ಐದಾರು ಮೆಟ್ಟಿಲುಗಳನ್ನು ಒಂದೇ ಹೆಜ್ಜೆಯಲ್ಲಿ ಏರಿರೆಂದು ನಾವು ದಿನವೂ ಆ ಹೆಣ್ಣುಮಕ್ಕಳಿಗೆ ಹೇಳುತ್ತಿದ್ದೆವು. ನಗರಗಳ ತಗ್ಗು ನೆಲದ ಬಸ್ಸುಗಳಲ್ಲಿ ನೆಲದಿಂದ ಬಸ್ಸಿನ ತಳಕ್ಕೆ ಇರುವ ಎತ್ತರ ಸುಮಾರು 40 ಸೆಂಟಿಮೀಟರು. ಅದರ ಇಮ್ಮಡಿಗೂ ಮಿಕ್ಕಿದ್ದು ಇದು.

ಇದು ಯಾರ ತಪ್ಪು? ಗಾಡಿ ಮಾಡಿದವನನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಸರಕು ಗಾಡಿ ಎತ್ತರವಾಗಿರುವುದಕ್ಕೆ ಕಾರಣಗಳಿವೆ. ಅದರ ತಳದ ಕೆಳಗೆ ಉಕ್ಕಿನ ಚೌಕಟ್ಟು ಇದೆ, ಅಚ್ಚು ಇದೆ, ಭಾರ ಹೊರುವ ಪಟ್ಟಿ ಸ್ಪ್ರಿಂಗುಗಳಿವೆ. ಹೊಲದ ಏರುತಗ್ಗಿನ ದಾರಿಯಲ್ಲಿ ಹೊಟ್ಟೆ ನೆಲಕ್ಕೆ ತಾಗಬಾರದು. ಆ ಸ್ಪ್ರಿಂಗುಗಳು ಭಾರ ಬಿದ್ದಾಗ ತಗ್ಗುತ್ತವೆ, ಬರಿದಾದಾಗ ಏಳುತ್ತವೆ. ಆದ್ದರಿಂದ ಮೊದಲು ಹತ್ತುವವಳಿಗೆ ಗಾಡಿ ಒಂದೆರಡು ಬೆರಳು ಹೆಚ್ಚೇ ಎತ್ತರ. ಜೊತೆಗೆ ಚೀಲ ಹೊತ್ತು ತರುವ ಹಮಾಲನಿಗೆ ಸೊಂಟದ ಮಟ್ಟದ ತಳ ಅನುಕೂಲ: ಬೆನ್ನ ಮೇಲಿನ ಚೀಲವನ್ನು ಬಗ್ಗದೆಯೇ ಜಾರಿಸಿಬಿಡಬಹುದು. ಚೀಲಕ್ಕೆ ಹಿತವಾದ ಎತ್ತರ ಕಾಲಿಗೆ ಹಿತವಲ್ಲ. ಗಾಡಿ ಚೀಲಕ್ಕಾಗಿ ಹುಟ್ಟಿದ್ದು. ಅದರಲ್ಲಿ ಮನುಷ್ಯರನ್ನು ತುಂಬಿದವರು ನಾವು.

ಈ ಬಗೆಯ ವಾಹನದ ತವರಾದ ಅಮೆರಿಕೆಯಲ್ಲಿ ಅದರ ಕಥೆ ಹೇಗೆ ನಡೆಯಿತೆಂಬುದು ಇಲ್ಲಿ ನೆನೆಯತಕ್ಕದ್ದು. ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿ ಕಾರಿಗೆ ಹಿಂದೊಂದು ಸರಕಿನ ಪೆಟ್ಟಿಗೆ ಜೋಡಿಸಿ ಕಾರ್ಖಾನೆಯಿಂದಲೇ ಪಿಕಪ್ ಆಗಿ ಮಾರಲಾರಂಭಿಸಿದ್ದು 1925ರಲ್ಲಿ. ಅಂದಿನಿಂದ ದಶಕಗಳ ಕಾಲ ಅಲ್ಲಿನ ರೈತನೂ ಬಡಗಿಯೂ ಬಂಪರಿನ ಮೇಲೆ, ಗಾಲಿಯ ಮೇಲೆ ಕಾಲಿಟ್ಟೇ ಹತ್ತಿದರು. ಈ ಶತಮಾನದ ಮೊದಲ ದಶಕದ ಕೊನೆಯ ಹೊತ್ತಿಗೆ ಹಿಂಬಾಗಿಲಿನೊಳಗಿಂದ ಜಾರಿ ಹೊರಬರುವ ಮೆಟ್ಟಿಲು, ಹಿಡಿದುಕೊಳ್ಳಲು ಒಂದು ದಂಡ ಕಾಣಿಸಿಕೊಂಡವು. ಬಳಿಕ ಬೇರೆ ತಯಾರಕರು ಬಂಪರಿನ ಮೂಲೆಗಳಲ್ಲಿ ಪಾದವಿಡಲು ಗುಳಿ ಮಾಡಿದರು. ಯಾಕೆ? ಅಲ್ಲಿ ಗಾಡಿ ಕೊಳ್ಳುವವನೇ ಗಾಡಿ ಹತ್ತುವವನು. ಅವನ ಮಂಡಿ ನೊಂದರೆ ಅಂಗಡಿಗೆ ಸುದ್ದಿ ಮುಟ್ಟುತ್ತದೆ. ನಮ್ಮಲ್ಲಿ ಕೊಳ್ಳುವವನು ಒಬ್ಬ, ಅವನು ಮುಂದಿನ ಬಾಗಿಲಿನಿಂದ ಏರಿ ಆಸನದಲ್ಲಿ ಕೂರುತ್ತಾನೆ. ಬಾಡಿಗೆ ಕೊಡುವವನು ಇನ್ನೊಬ್ಬ, ನನ್ನಂಥವನು, ಮೋಟರ್ ಸೈಕಲ್ಲಿನ ಮೇಲೆ ಹಿಂದೆ ಬರುತ್ತಾನೆ. ಹಿಂದಿನಿಂದ ಹತ್ತುವವಳು ಮೂರನೆಯವಳು. ಅವಳ ಮಂಡಿಯ ನೋವು ಯಾರ ಲೆಕ್ಕದ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಅನುಕೂಲವೆಂಬುದು ನೋವಿರುವಲ್ಲಿ ಹುಟ್ಟುವುದಿಲ್ಲ. ನೋವಿಗೆ ಮಾತಿನ ಬಲವೂ ಹಣದ ಬಲವೂ ಇರುವಲ್ಲಿ ಹುಟ್ಟುತ್ತದೆ.

ಇಲ್ಲಿ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು. ಗಾಡಿ ಹತ್ತುವುದು ಎಷ್ಟರ ಮಾತು? ಮೇಲಿನವರು ಕೈ ಕೊಡುತ್ತಾರಲ್ಲ! ಕೈ ಹಿಡಿದು ಎತ್ತುವುದರಲ್ಲಿ ಇರುವ ಆತ್ಮೀಯತೆ ಕಬ್ಬಿಣದ ಮೆಟ್ಟಿಲಿನಲ್ಲಿ ಇದೆಯೇ? ಇದು ಹಗುರಾಗಿ ತಳ್ಳಿಹಾಕುವ ಮಾತಲ್ಲ. ಕೈ ಕೊಡುವ ಹುಡುಗಿಗೂ ಕೈ ಹಿಡಿಯುವ ಆಯಿಗೂ ನಡುವೆ ಒಂದು ಬಾಂಧವ್ಯವಿದೆ. ಅದು ಬಾಳಿನ ಸವಿಗಳಲ್ಲೊಂದು. ಆದರೆ ಸಹಾಯವನ್ನು ದಿನವೂ, ಎಲ್ಲರ ಎದುರಿಗೆ, ತಪ್ಪದೆ ಬೇಡಬೇಕಾದಾಗ ಆ ಸವಿ ಬೇರೆಯೇ ಆಗುತ್ತದೆ. ಇಂದು ನನ್ನ ಕೈ ಹಿಡಿಯುವರೋ ಇಲ್ಲವೋ, ನಾನು ಭಾರವೆಂದು ಅಂದುಕೊಂಡಾರೋ, ನನ್ನಿಂದ ಗಾಡಿ ತಡವಾಯಿತೋ ಎಂಬ ಅಳುಕು ಪ್ರತಿ ಬೆಳಗಿಗೂ ಅಂಟಿಕೊಳ್ಳುತ್ತದೆ. ಆಯಿ ತೋಟ ಬಿಟ್ಟದ್ದು ಕೈ ಕೊಡುವವರಿಲ್ಲದೆ ಅಲ್ಲ. ಕೈ ಕೇಳುವುದು ಸಾಕಾಗಿತ್ತು.

ದಕ್ಷಿಣದ ಹಳೆಯ ದಾರಿಗಳ ಬದಿಯಲ್ಲಿ ಹೊರೆ ಇಳಿಸುವ ಕಲ್ಲುಗಳು ನಿಂತಿವೆ. ತಮಿಳರು ಅದನ್ನು ‘ಸುಮೈತಾಂಗಿ’ ಎನ್ನುತ್ತಾರೆ, ಮಲಯಾಳಿಗಳು ‘ಅತ್ತಾಣಿ’ ಎನ್ನುತ್ತಾರೆ. ಎರಡು ಕಂಬದ ಮೇಲೆ ಅಡ್ಡ ಮಲಗಿಸಿದ ಒಂದು ಚಪ್ಪಡಿ, ಅಷ್ಟೆ. ಎತ್ತರ ಸುಮಾರು ನಿಂತ ಮನುಷ್ಯನ ಭುಜದಷ್ಟು. ತಲೆಹೊರೆಯವನು ಒಬ್ಬನೇ ಬಂದರೂ ಯಾರನ್ನೂ ಕರೆಯದೆ ಹೊರೆಯನ್ನು ಅದಕ್ಕೆ ಜಾರಿಸಿ, ದಣಿವಾರಿಸಿಕೊಂಡು, ಮತ್ತೆ ತಾನೇ ಹೊತ್ತು ನಡೆಯಬಹುದು. ತಮಿಳು ನಾಡಿನಲ್ಲಿ ಗರ್ಭಿಣಿಯಾಗಿ ತೀರಿಕೊಂಡ ಹೆಣ್ಣಿನ ನೆನಪಿಗೆ ಇಂಥ ಕಲ್ಲು ನಿಲ್ಲಿಸುವ ಪದ್ಧತಿಯಿತ್ತು: ಹೊರೆ ಇಳಿಸದೆಯೇ ಹೋದವಳ ಹೆಸರಿನಲ್ಲಿ ಬೇರೆಯವರ ಹೊರೆ ಇಳಿಯಲಿ ಎಂದು. ಈ ಕಲ್ಲಿಗೆ ಕೃತಜ್ಞತೆ ಹೇಳಬೇಕಾಗಿಲ್ಲ, ಅದರ ಮುಖ ನೋಡಿ ನಗಬೇಕಾಗಿಲ್ಲ. ಅದು ಬಂದವನ ಜಾತಿ ಕೇಳುವುದಿಲ್ಲ. ಉಪಕಾರವು ಉಪಕಾರಿಯಿಂದ ಬಿಡುಗಡೆ ಹೊಂದಿ ಲೋಕದ ಸ್ವತ್ತಾಗುವ ಬಗೆ ಇದು. ನಮಗೆ ಹತ್ತಿರದ ಸೊಲ್ಲಾಪುರದಲ್ಲಿ, ಹಿಂದಿನ ಸೊನ್ನಲಿಗೆಯಲ್ಲಿ, ಹನ್ನೆರಡನೆಯ ಶತಮಾನದ ಸಿದ್ಧರಾಮ ಕೆರೆ ತೋಡಿಸಿದ್ದನ್ನು ನಾವು ಇಂದಿಗೂ ಕೊಂಡಾಡುವುದು ಇದೇ ಕಾರಣಕ್ಕೆ. ನೀರು ಕೊಡುವವನು ಮನೆಬಾಗಿಲಲ್ಲಿ ನಿಂತು ಕೊಡಬಹುದು. ಕೆರೆ ಕಟ್ಟಿದರೆ ಕೊಡುವವನು ಬೇಕಾಗಿಲ್ಲ. ಅಲ್ಲಮಪ್ರಭು ಸೊನ್ನಲಿಗೆಗೆ ಬಂದು ಆ ಕಾಯಕದ ಹಿಂದಿರಬಹುದಾದ ‘ನಾನು ಮಾಡಿದೆ’ ಎಂಬ ಭಾವವನ್ನು ಪ್ರಶ್ನಿಸಿದ ಪ್ರಸಂಗವೂ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಆ ಪ್ರಸಂಗ ನನಗೆ ಮುಂದೆ ಬೇಕಾಗುತ್ತದೆ.

ಆಯಿಯ ಮಾತು ಕೇಳಿದ ವಾರವೇ ವೆಲ್ಡಿಂಗ್ ಅಂಗಡಿಯವನಿಗೆ ಹೇಳಿ ಒಂದು ಕಬ್ಬಿಣದ ಮೆಟ್ಟಿಲು ಮಾಡಿಸಿದೆ. ನಾಲ್ಕು ಹೆಜ್ಜೆಗಳದ್ದು, ಕಾಲು ಜಾರದಂತೆ ಮೇಲೆ ಗೀರು ಹಾಕಿದ್ದು, ಬದಿಗೊಂದು ಹಿಡಿಕೆ. ಬೇಕಾದಾಗ ಇಳಿಸಿ, ಬೇಡವಾದಾಗ ಹೌದಾದೊಳಗೆ ಎತ್ತಿಡಬಹುದು. ಆಯಿ ಮತ್ತೆ ಬಂದಳು. ಅವಳಷ್ಟೇ ಅಲ್ಲ, ಅಲ್ಲಿಯವರೆಗೆ ಸಲೀಸಾಗಿ ಜಿಗಿಯುತ್ತಿದ್ದ ಹುಡುಗಿಯರೂ ಮೆಟ್ಟಿಲಿನಿಂದಲೇ ಹತ್ತಿದರು. ಜಿಗಿಯಬಲ್ಲವರಿಗೂ ಜಿಗಿಯುವುದು ಇಷ್ಟವಾಗಿತ್ತೆಂದು ನಾನು ಹೇಗೆ ತಿಳಿದಿದ್ದೆನೋ! ಕಟ್ಟೆಯ ಮೇಲಿನ ಚೇಷ್ಟೆಯ ಮಾತುಗಳೂ ತಾವಾಗಿ ನಿಂತವು; ನಗುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. ನನಗೆ ಹೆಮ್ಮೆಯಾಯಿತು. ಇಲ್ಲಿಗೆ ಈ ಲೇಖನ ಮುಗಿದಿದ್ದರೆ ಅದು ನನ್ನ ಸತ್ಕಾರ್ಯದ ವರದಿಯಾಗುತ್ತಿತ್ತು. ಆದರೆ ಎರಡು ಸಂಗತಿಗಳು ಆ ಹೆಮ್ಮೆಯನ್ನು ನಿಲ್ಲಗೊಡಲಿಲ್ಲ.

ಮೊದಲನೆಯದು ವಕೀಲನಾದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಾತು. “ಗುರುಗಳೇ, ನೀವು ಅಪಾಯದ ಜಾಗಕ್ಕೆ ಮೆಟ್ಟಿಲು ಕಟ್ಟಿದಿರಿ” ಎಂದ. ಸರಕು ವಾಹನಕ್ಕೆ ಪ್ರಯಾಣಿಕರನ್ನು ಸಾಗಿಸುವ ಪರವಾನಗಿ ಇಲ್ಲ. ಅದಕ್ಕಿಂತ ಚುಚ್ಚುವ ಸಂಗತಿ ವಿಮೆಯದು. 1988ರ ಮೋಟಾರು ವಾಹನ ಕಾಯಿದೆಗೆ 1994ರಲ್ಲಿ ತಂದ ತಿದ್ದುಪಡಿಯಿಂದ, ವಾಹನದಲ್ಲಿ ಸಾಗುವ ಸರಕಿನ ಒಡೆಯನಿಗೆ ಅಥವಾ ಅವನ ಅಧಿಕೃತ ಪ್ರತಿನಿಧಿಗೆ ಕಡ್ಡಾಯ ವಿಮೆಯ ರಕ್ಷಣೆ ದೊರೆಯಿತು. ಸರಕು ವಾಹನದಲ್ಲಿ ಸುಮ್ಮನೆ ಹತ್ತಿ ಬರುವ ಪ್ರಯಾಣಿಕರಿಗೆ ವಿಮಾ ಸಂಸ್ಥೆ ಹೊಣೆಯಲ್ಲವೆಂದು 2002ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು. ಕಾನೂನಿಗೆ ಅದರದೇ ತರ್ಕವಿದೆ, ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಅದರ ಅರ್ಥವನ್ನು ನಮ್ಮ ಬೇವಿನ ಕಟ್ಟೆಯ ಬಳಿ ನಿಂತು ನೋಡಿದರೆ ಎದೆ ಝಲ್ಲೆನ್ನುತ್ತದೆ. ತನ್ನ ನಾಲ್ಕು ಚೀಲ ಉಳ್ಳಾಗಡ್ಡಿಯ ಜೊತೆಗೆ ಪೇಟೆಗೆ ಹೊರಟವನು ಕಾನೂನಿನ ಕಣ್ಣಿಗೆ ಬೀಳುತ್ತಾನೆ. ಬುತ್ತಿಯ ಗಂಟೊಂದನ್ನೇ ಹಿಡಿದು ಕೂಲಿಗೆ ಹೊರಟವಳು ಬೀಳದೆ ಹೋಗಬಹುದು. ದಾರಿಯಲ್ಲಿ ಗಾಡಿ ಮಗುಚಿದರೆ ಅವಳ ಮನೆಯವರು ಪರಿಹಾರಕ್ಕಾಗಿ ಎಷ್ಟು ಬಾಗಿಲು ಬಡಿಯಬೇಕೋ!

ಹಾಗಾದರೆ ಹತ್ತುವುದನ್ನು ಸುಲಭ ಮಾಡುವುದೇ ತಪ್ಪೇ? ಕೆಟ್ಟ ವ್ಯವಸ್ಥೆಯನ್ನು ಸಹ್ಯಗೊಳಿಸುವವನು ಅದರ ಆಯುಷ್ಯವನ್ನು ಹೆಚ್ಚಿಸುತ್ತಾನೆ ಎಂಬ ವಾದ ಹೊಸತಲ್ಲ. ಬಹಳ ದಿನ ಯೋಚಿಸಿ ನಾನು ಕಂಡುಕೊಂಡದ್ದು ಇಷ್ಟು. ಮೆಟ್ಟಿಲು ಇಲ್ಲದಿದ್ದಾಗ ಯಾರೂ ಗಾಡಿ ಹತ್ತದೆ ಉಳಿದಿರಲಿಲ್ಲ. ಹತ್ತಲಾರದವಳು ಮಾತ್ರ ಉಳಿದಿದ್ದಳು. ಎತ್ತರವು ಅಪಾಯವನ್ನು ತಡೆಯುತ್ತಿರಲಿಲ್ಲ, ದುರ್ಬಲರನ್ನು ಮಾತ್ರ ಸೋಸಿ ಬಿಡುತ್ತಿತ್ತು. ಇನ್ನೊಬ್ಬರ ಕಷ್ಟವನ್ನು ಹಾಗೆಯೇ ಇರಿಸಿ, ಅದರಿಂದ ಸುಧಾರಣೆ ಬೇಗ ಬಂದೀತೆಂದು ಕಾಯುವ ಹಕ್ಕು ಆ ಕಷ್ಟವನ್ನು ಉಣ್ಣದ ನನಗಿಲ್ಲ. ಆದರೆ ಮೆಟ್ಟಿಲು ಮಾಡಿದ ಮಾತ್ರಕ್ಕೆ ನನ್ನ ಹೊಣೆ ತೀರಿತೆನ್ನುವ ಹಕ್ಕೂ ಇಲ್ಲ. ಮೆಟ್ಟಿಲು ಸಾಲದ ಮೊದಲ ಕಂತು. ಅಕ್ಕಪಕ್ಕದ ಮೂರು ತೋಟದವರನ್ನು ಕೂಡಿಸಿ, ಆಸನಗಳಿರುವ, ಪ್ರಯಾಣಿಕರ ಪರವಾನಗಿ ಇರುವ ಒಂದು ವಾಹನವನ್ನು ಪಾಲಿನ ಮೇಲೆ ಬಾಡಿಗೆಗೆ ಹಿಡಿಯುವ ಏರ್ಪಾಡು ಮಾಡಿದ್ದೇವೆ. ಅದಕ್ಕೆ ಬಾಡಿಗೆ ಹೆಚ್ಚು. ಹೆಚ್ಚಿದ ಹಣವನ್ನು ಕೂಲಿಯಿಂದ ಮುರಿಯಬಾರದೆಂದು ಮಾತಾಯಿತು; ಒಬ್ಬರು ಒಪ್ಪದೆ ಹಿಂದೆ ಸರಿದರು. ಕಾಯಿ ಕೀಳುವ ಹಂಗಾಮಿನಲ್ಲಿ ಆ ವಾಹನ ಸಿಗದ ದಿನಗಳೂ ಇವೆ. ಅಂದು ಮತ್ತೆ ಪಿಕಪ್ಪೇ ಗತಿ. ಸಿಗದ ದಿನ ಕೆಲಸವನ್ನೇ ನಿಲ್ಲಿಸುವ ಧೈರ್ಯ ನನಗೆ ಇನ್ನೂ ಬಂದಿಲ್ಲವೆಂದು ಇಲ್ಲಿ ಒಪ್ಪಿಕೊಳ್ಳಬೇಕು.

ಎರಡನೆಯ ಸಂಗತಿ ಇನ್ನೂ ಚಿಕ್ಕದು. ಆದರೆ ಅದೇ ನನ್ನನ್ನು ಹೆಚ್ಚು ಕಾಡಿದ್ದು. ಮೆಟ್ಟಿಲು ಬಂದ ಹದಿನೈದು ದಿನಕ್ಕೆ, ಸಂಜೆ ಕೆಲಸ ಬಿಟ್ಟ ಹೊತ್ತಿನಲ್ಲಿ, ಕೂಲಿ ಕೊಡುತ್ತ ನಾನು ಆಯಿಯನ್ನು ಕೇಳಿದೆ: “ಈಗ ಆರಾಮ ಆತೇನ ಆಯಿ?” ಹೊಗಳಿಕೆ ಬರಲೆಂದೇ ಕೇಳಿದ್ದೆನೆಂದು ಈಗ ತಿಳಿಯುತ್ತದೆ. ಅವಳು ಕೊಟ್ಟ ಹಣವನ್ನು ಸೆರಗಿನ ತುದಿಗೆ ಕಟ್ಟುತ್ತ ನಕ್ಕಳು. “ಹತ್ತಾಕ ಆರಾಮ ಆಗೇತರಿ ಮಾಸ್ತರ. ಇಳಿಯಾಕ ಯಾರ ಮಾಡಬೇಕು?”

ವಿಚಾರಿಸಿದರೆ ಸಂಗತಿ ಇಷ್ಟೇ. ಬೆಳಿಗ್ಗೆ ಊರಲ್ಲಿ ಮೆಟ್ಟಿಲು ಇಡುತ್ತಿದ್ದರು, ತೋಟದಲ್ಲಿ ಇಳಿಯುವಾಗಲೂ ನಾನು ಇರುತ್ತಿದ್ದುದರಿಂದ ಇಡುತ್ತಿದ್ದರು. ಸಂಜೆ ಅದರಿಂದಲೇ ಎಲ್ಲರೂ ಹತ್ತುತ್ತಿದ್ದರು. ಆಮೇಲೆ ಡ್ರೈವರನು, ಕಳುವಾದೀತೆಂಬ ಅಂಜಿಕೆಯಿಂದ, ಅದನ್ನು ತೋಟದ ಶೆಡ್ಡಿನಲ್ಲಿಯೇ ಬಿಟ್ಟು ಹೊರಡುತ್ತಿದ್ದ. ಮುಂಜಾನೆ ಬೇಗ ಬಂದು ಒಯ್ಯುತ್ತಿದ್ದ. ಊರಿನಲ್ಲಿ, ಕತ್ತಲಾಗುವ ಹೊತ್ತಿನಲ್ಲಿ, ದಿನವಿಡೀ ದುಡಿದು ಸೋತ ಕಾಲುಗಳು 85 ಸೆಂಟಿಮೀಟರು ಕೆಳಗೆ ಧುಮುಕಬೇಕಿತ್ತು. ಏರುವುದಕ್ಕಿಂತ ಇಳಿಯುವುದೇ ಹಳೆಯ ಮಂಡಿಗೆ ಹೆಚ್ಚಿನ ನೋವೆಂಬುದು ವಯಸ್ಸಾದ ನನಗೂ ಗೊತ್ತಿತ್ತು. ಆದರೂ ನನಗೆ ಹೊಳೆದಿರಲಿಲ್ಲ. ಕಾರಣ ಹುಡುಕಿದರೆ ನಾಚಿಕೆಯಾಗುತ್ತದೆ: ಅವಳು ಹತ್ತುವುದು ನನ್ನ ಕೆಲಸಕ್ಕೆ ಬೇಕಿತ್ತು, ಅವಳು ಮನೆಯ ಮುಂದೆ ಇಳಿಯುವ ಹೊತ್ತಿಗೆ ನನ್ನ ಕೆಲಸ ಮುಗಿದಿರುತ್ತಿತ್ತು. ನನ್ನ ಕರುಣೆ ನನ್ನ ತೋಟದ ಬೇಲಿಯವರೆಗೆ ಮಾತ್ರ ನಡೆದು ನಿಂತಿತ್ತು. ಸೊನ್ನಲಿಗೆಯಲ್ಲಿ ಅಲ್ಲಮನು ಎತ್ತಿದ ಪ್ರಶ್ನೆ ನನ್ನಂಥ ಸಣ್ಣವನಿಗೆ ತಲುಪಿದ್ದು ಹೀಗೆ, ಒಬ್ಬ ಕೂಲಿಯವಳ ಬಾಯಿಂದ.

ಇನ್ನೊಬ್ಬರಿಗೆ ಮಾಡಿದ ಅನುಕೂಲವು ನ್ಯಾಯವೋ ಅಥವಾ ನಮ್ಮದೇ ಅನುಕೂಲದ ಇನ್ನೊಂದು ರೂಪವೋ ಎಂದು ತಿಳಿಯುವುದಕ್ಕೆ ಈಗ ನನ್ನ ಬಳಿ ಒಂದು ಒರೆಗಲ್ಲಿದೆ. ಅವರಿಂದ ನಮಗೆ ಆಗಬೇಕಾದ ಕೆಲಸ ಮುಗಿದ ಮೇಲೂ ಆ ಅನುಕೂಲ ಅವರ ಜೊತೆ ಹೋಗುತ್ತದೆಯೇ? ಮನೆಗೆ ಬರುವ ಕೆಲಸದವಳಿಗೆ, ಕಟ್ಟಡ ಕಟ್ಟಿ ಮುಗಿಸಿ ಹೊರಡುವ ಗೌಂಡಿಗೆ, ಪಿಂಚಣಿಯ ದಿನ ಮಾತ್ರ ನೆನಪಾಗುವ ಮುದುಕರಿಗೆ ನಾವು ಮಾಡುವುದನ್ನೆಲ್ಲ ಈ ಪ್ರಶ್ನೆಯಿಂದ ಒರೆಹಚ್ಚಿ ನೋಡಬಹುದು.

ಈಗ ಮೆಟ್ಟಿಲಿಗೆ ಒಂದು ಸರಪಳಿ, ಒಂದು ಬೀಗ ಹಾಕಿಸಿದ್ದೇನೆ. ಅದು ಗಾಡಿಯ ಜೊತೆಗೇ ಊರಿಗೆ ಹೋಗುತ್ತದೆ. ಆಸನದ ವಾಹನ ಬರುವ ದಿನಗಳಲ್ಲೂ ಅದನ್ನು ಒಯ್ಯುತ್ತಾರೆ, ಅದರ ಬಾಗಿಲೂ ಆಯಿಗೆ ತುಸು ಎತ್ತರವೇ. ಬೀಗದ ಕೀಲಿ ನನ್ನ ಬಳಿಯೂ ಇಲ್ಲ, ಡ್ರೈವರನ ಬಳಿಯೂ ಇಲ್ಲ. ಆಯಿಯ ಸೆರಗಿನ ಗಂಟಿನಲ್ಲಿದೆ.